ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಔಟ್‌ಬೋರ್ಡ್ ಮೋಟರ್ ಎಳೆಯುತ್ತಿಲ್ಲವೇ?

ಪ್ರಶ್ನೆ: ನಮ್ಮದು 40 ಎಚ್‌ಪಿಯ, ಎರಡು ಸಿಲಿಂಡರಿನ ಹಳೆಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಕೂರಿಸುವ ಮೋಟರ್). ಸ್ಟಾರ್ಟ್ ಸಲೀಸಾಗಿ ಆಗುತ್ತದೆ, ಐಡ್ಲಿಂಗ್‌ನಲ್ಲಿ ತಕರಾರಿಲ್ಲ. ಥ್ರಾಟಲ್ ಪೂರ್ತಿ ಕೊಟ್ಟರೆ ಒಂದೆರಡು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸೊರಗುತ್ತದೆ. ಥ್ರಾಟಲ್ ಇಳಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಹೋಗುತ್ತದೆ. ಹೊಸ ಪ್ಲಗ್ ಹಾಕಿದ್ದಾಯಿತು, ಕಾರ್ಬುರೇಟರ್ ತೊಳೆಸಿದ್ದೂ ಆಯಿತು. ಇನ್ನು ಇಗ್ನಿಷನ್ ಕಾಯಿಲ್ ಬದಲಾಯಿಸಬೇಕೇ?

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲೇ ಸುಳಿವಿದೆ. ಒಂದೆರಡು ನಿಮಿಷ ಓಡಿ ಸೊರಗುವುದು, ಥ್ರಾಟಲ್ ಇಳಿಸಿದರೆ ಚೇತರಿಸಿಕೊಳ್ಳುವುದು, ಇವೆರಡೂ ಪೆಟ್ರೋಲ್ ಸಾಲುತ್ತಿಲ್ಲ ಎಂಬುದರ ಲಕ್ಷಣ. ಖರ್ಚಾಗುವುದಕ್ಕಿಂತ ಬರುವುದು ಸ್ವಲ್ಪವೇ ಕಡಿಮೆಯಿದ್ದರೂ ಕಾರ್ಬುರೇಟರಿನ ಫ್ಲೋಟ್ ಬಟ್ಟಲು ಬೇಗ ಬರಿದಾಗುತ್ತದೆ. ನಿಧಾನವಾಗಿ ಓಡುವಾಗ ಅದು ಮತ್ತೆ ತುಂಬಿಕೊಳ್ಳುತ್ತದೆ.

ಆದರೂ ಮೊದಲ ಕೆಲಸ ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿದಾಗ ಸಿಲಿಂಡರಿನೊಳಗೆ ಏರುವ ಒತ್ತಡ, ಅಳೆಯುವುದು. ಹತ್ತು ನಿಮಿಷದ ಕೆಲಸ, ಆದರೆ ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡುವವರೇ ಹೆಚ್ಚು. ಮೋಟರ್ ಬಿಸಿಯಾಗಿರಲಿ. ಎರಡೂ ಪ್ಲಗ್ ಬಿಚ್ಚಿ, ಪ್ಲಗ್ ವೈರ್‌ಗಳನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಅರ್ಥ್ ಮಾಡಿ. ಗೇಜನ್ನು ಒಂದು ಸಿಲಿಂಡರಿಗೆ ತಿರುಗಿಸಿ ಕೂರಿಸಿ, ಥ್ರಾಟಲ್ ಪೂರ್ತಿ ತೆರೆದಿಟ್ಟು, ಮುಳ್ಳು ಏರುವುದು ನಿಲ್ಲುವವರೆಗೆ ಎಂಜಿನ್ ತಿರುಗಿಸಿ. ಥ್ರಾಟಲ್ ಮುಚ್ಚಿದ್ದರೆ ಅಥವಾ ಬ್ಯಾಟರಿ ಸೋತಿದ್ದರೆ ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಈ ಗಾತ್ರದ ಬಹುತೇಕ ಹಳೆಯ ಟೂ-ಸ್ಟ್ರೋಕ್‌ಗಳಲ್ಲಿ 100 ಪಿಎಸ್‌ಐಗಿಂತ ಮೇಲೆ ಬರಬೇಕು. ಅದಕ್ಕಿಂತ ಮುಖ್ಯ, ಎರಡು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇಕಡಾ 10ರ ಒಳಗಿರಬೇಕು. 120 ಮತ್ತು 115 ಬಂದರೆ ನಿಶ್ಚಿಂತೆ. 120 ಮತ್ತು 85 ಬಂದರೆ ಅಲ್ಲಿಗೇ ನಿಲ್ಲಿಸಿ; ರಿಂಗ್ ಅಂಟಿಕೊಂಡಿದೆಯೋ, ಹೆಡ್ ಗ್ಯಾಸ್ಕೆಟ್ ಹೋಗಿದೆಯೋ, ಸಿಲಿಂಡರ್ ಗೀರಿದೆಯೋ ಎಂದು ತಿಳಿಯುವವರೆಗೆ ಕಾರ್ಬುರೇಟರ್ ಎಷ್ಟು ತೊಳೆದರೂ ವ್ಯರ್ಥ. ಇನ್ನೊಂದು ಕಾರಣವೂ ಇದೆ. ನಿಮ್ಮಂಥ ಮೋಟರಿನ ಫ್ಯೂಯಲ್ ಪಂಪ್‌ಗೆ ಬೇರೆ ಚಾಲನೆಯಿಲ್ಲ, ಕ್ರ್ಯಾಂಕ್‌ಕೇಸಿನೊಳಗಿನ ಒತ್ತಡದ ಏರಿಳಿತವೇ ಅದರ ಡಯಾಫ್ರಾಮನ್ನು ಆಡಿಸುತ್ತದೆ. ಪಂಪ್ ಕೂತಿರುವ ಸಿಲಿಂಡರ್ ದುರ್ಬಲವಾದರೆ ಪಂಪ್ ಕೂಡ ದುರ್ಬಲವಾಗಬಹುದು.

ಕಂಪ್ರೆಷನ್ ಸರಿಯಿದ್ದರೆ ನೀರಿಗಿಳಿಯಿರಿ. ಇಬ್ಬರು ಬೇಕು. ಒಬ್ಬರು ದೋಣಿ ನಡೆಸಲಿ, ಇನ್ನೊಬ್ಬರು ಪೆಟ್ರೋಲ್ ಪೈಪಿನ ಪ್ರೈಮರ್ ಬಲ್ಬ್ (ಕೈಯಿಂದ ಒತ್ತಿ ಪೆಟ್ರೋಲ್ ತಳ್ಳುವ ರಬ್ಬರ್ ಉಂಡೆ) ಹಿಡಿದು ಕೂರಲಿ. ಪೂರ್ತಿ ಥ್ರಾಟಲ್‌ನಲ್ಲಿ ಮೋಟರ್ ಸೊರಗಲು ಶುರುವಾದ ತಕ್ಷಣ ಬಲ್ಬ್ ಒತ್ತಿ ಒತ್ತಿ ಬಿಡಬೇಕು. ಆರ್‌ಪಿಎಂ ಏರಿತೇ? ಹಾಗಾದರೆ ದೋಷ ಪೆಟ್ರೋಲ್ ಬರುವ ದಾರಿಯಲ್ಲಿದೆ. ಆಗ ಬಲ್ಬಿನ ಆಕಾರವನ್ನೂ ಗಮನಿಸಿ. ಅದು ಒಳಕ್ಕೆ ಸೆಳೆದುಕೊಂಡು ಚಪ್ಪಟೆಯಾಗಿದ್ದರೆ ಅಡಚಣೆ ಬಲ್ಬಿಗಿಂತ ಹಿಂದೆ, ಅಂದರೆ ಟ್ಯಾಂಕಿನ ಕಡೆ. ಟ್ಯಾಂಕ್ ಮುಚ್ಚಳದ ಗಾಳಿ ತೂತು ಬಿಗಿದುಕೊಂಡಿರಬಹುದು, ತಳದ ಜಾಲರಿ ಕಟ್ಟಿರಬಹುದು, ಟ್ಯಾಂಕಿನಿಂದ ಪೈಪ್ ಹೊರಡುವಲ್ಲಿರುವ ಆಂಟಿ-ಸೈಫನ್ ವಾಲ್ವ್ (ಪೆಟ್ರೋಲ್ ತಾನಾಗಿ ಹರಿದುಹೋಗದಂತೆ ತಡೆಯುವ ಕವಾಟ) ಸಿಕ್ಕಿಕೊಂಡಿರಬಹುದು. ಬಲ್ಬ್ ಚಪ್ಪಟೆಯಾಗದೆ ಮೆತ್ತಗಿದ್ದು, ಒತ್ತಿದಾಗ ಮೋಟರ್ ಚೇತರಿಸಿಕೊಂಡರೆ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲವೇ ಪಂಪಿನ ಡಯಾಫ್ರಾಮ್ ಸೋತಿದೆ. ಒತ್ತಿದರೂ ಏನೂ ಬದಲಾಗದಿದ್ದರೆ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಅಥವಾ ಸ್ಪಾರ್ಕ್ ಕಡೆ ತಿರುಗಿ.

ಗಾಳಿ ಸೇರುತ್ತಿದೆಯೇ ಎಂದು ಕಣ್ಣಾರೆ ನೋಡಬಹುದು. ಫ್ಯೂಯಲ್ ಪಂಪಿಗೆ ಸ್ವಲ್ಪ ಮೊದಲು, ಗೇಣುದ್ದದ ಪಾರದರ್ಶಕ ಪೈಪ್ ತಾತ್ಕಾಲಿಕವಾಗಿ ಜೋಡಿಸಿ. ಪೂರ್ತಿ ಥ್ರಾಟಲ್‌ನಲ್ಲಿ ಅದರೊಳಗೆ ಗುಳ್ಳೆಗಳ ಸಾಲು ಹರಿದರೆ ಕನೆಕ್ಟರಿನ ಓ-ರಿಂಗ್, ಸಡಿಲ ಕ್ಲಿಪ್, ಬಿರುಕುಬಿಟ್ಟ ಪೈಪ್ ಇವುಗಳನ್ನು ಹುಡುಕಿ. ಪರೀಕ್ಷೆ ಮುಗಿದ ಕೂಡಲೇ ಆ ತುಂಡನ್ನು ತೆಗೆದುಬಿಡಿ. ಸಾಮಾನ್ಯ ಪ್ಲಾಸ್ಟಿಕ್ ಪೈಪ್ ಪೆಟ್ರೋಲಿಗೆ ತಾಳುವುದಿಲ್ಲ.

ಹಳೆಯ ಪೈಪ್ ಹೊರಗಿನಿಂದ ಗಟ್ಟಿಮುಟ್ಟಾಗಿ ಕಂಡರೂ ನಂಬಬೇಡಿ. ಎಥನಾಲ್ ಬೆರೆತ ಪೆಟ್ರೋಲಿನಿಂದ ಕೆಲವು ಹಳೆಯ ಪೈಪ್‌ಗಳ ಒಳಪದರ ಬಿಟ್ಟುಕೊಂಡು, ಪಂಪ್ ಜೋರಾಗಿ ಎಳೆದಾಗ ಒಳಗೇ ಮುಚ್ಚಿಕೊಳ್ಳುತ್ತದೆ. ಐಡ್ಲಿಂಗ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಹೊಸ ಪೈಪ್, ಹೊಸ ಬಲ್ಬ್ ಇರುವ ಬೇರೊಂದು ಪುಟ್ಟ ಟ್ಯಾಂಕಿಗೆ ತಾಜಾ ಪೆಟ್ರೋಲ್ ಮತ್ತು ಆಯಿಲ್ ಬೆರೆಸಿ ನೇರ ಮೋಟರಿಗೆ ಜೋಡಿಸಿ ಓಡಿಸುವುದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ಮೋಟರ್ ಸರಿಯಾಗಿ ಓಡಿದರೆ ಅದನ್ನು ಬಿಚ್ಚುವ ಅಗತ್ಯವೇ ಇಲ್ಲ, ದೋಷ ದೋಣಿಯ ಟ್ಯಾಂಕ್ ಮತ್ತು ಪೈಪಿನಲ್ಲಿದೆ.

ಕಾರ್ಬುರೇಟರ್ ತೊಳೆಸಿದ್ದೇನೆ ಎಂದಿದ್ದೀರಿ. ಮೇನ್ ಜೆಟ್ ಹೊರಗೆ ತೆಗೆದಿದ್ದರೇ ಎಂದು ಕೇಳಿ. ಬಹಳ ಕಾರ್ಬುರೇಟರ್‌ಗಳಲ್ಲಿ ಅದು ಫ್ಲೋಟ್ ಬಟ್ಟಲಿನ ತಳಭಾಗದಲ್ಲಿ, ಒಂದು ಸ್ಕ್ರೂ ಮುಚ್ಚಳದ ಹಿಂದೆ ಅಡಗಿರುತ್ತದೆ. ಹೊರಗಿನಿಂದ ಸ್ಪ್ರೇ ಹೊಡೆದರೆ ಅಲ್ಲಿಗೆ ಮುಟ್ಟುವುದಿಲ್ಲ. ಬಿಚ್ಚಿದ ಜೆಟ್ಟನ್ನು ಬೆಳಕಿಗೆ ಹಿಡಿದರೆ ದುಂಡಗಿನ, ಅಂಚು ಸ್ವಚ್ಛವಾಗಿರುವ ತೂತು ಕಾಣಬೇಕು. ಹಳದಿ ಮೆರುಗೆಣ್ಣೆಯಂಥ ಪದರ ಸ್ವಲ್ಪ ಕಟ್ಟಿದ್ದರೂ ಸಾಕು, ಪೂರ್ತಿ ಥ್ರಾಟಲ್‌ನಲ್ಲಿ ಪೆಟ್ರೋಲ್ ಸಾಲುವುದಿಲ್ಲ. ಕ್ಲೀನರಿನಲ್ಲಿ ನೆನೆಸಿ, ಗಾಳಿ ಊದಿ. ತಂತಿ ತೂರಿಸಬೇಡಿ, ತೂತು ಗೀರಿ ಅಳತೆ ಕೆಡುತ್ತದೆ.

ದೋಷ ಸಿಗುವವರೆಗೆ, ಸೊರಗುತ್ತಿರುವ ಮೋಟರನ್ನು ಪೂರ್ತಿ ಥ್ರಾಟಲ್‌ನಲ್ಲಿ ಎಳೆದಾಡಿಸಬೇಡಿ. ಇದು ಬರೀ ವೇಗದ ಪ್ರಶ್ನೆಯಲ್ಲ. ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಶಾಖ ಹೆಚ್ಚು. ಪಿಸ್ಟನ್ ಗೀರುವುದು, ಸೀಸ್ ಆಗುವುದು (ಸಿಲಿಂಡರಿನೊಳಗೆ ಕಚ್ಚಿಕೊಂಡು ನಿಲ್ಲುವುದು) ಹೀಗೆಯೇ. ಪರೀಕ್ಷೆಗೆ ಬೇಕಾದ ಕೆಲವು ಸೆಕೆಂಡು ಸಾಕು, ತಕ್ಷಣ ಇಳಿಸಿ.

ಪ್ರಶ್ನೆ: ಮೂರು ಸಿಲಿಂಡರಿನ ಹಳೆಯ ಮೋಟರ್. 3500 ಆರ್‌ಪಿಎಂ ದಾಟುವುದೇ ಇಲ್ಲ. ಪ್ಲಗ್ ಹೊರಗೆ ತೆಗೆದು ನೋಡಿದರೆ ಮೂರರಲ್ಲೂ ಕಿಡಿ ಬರುತ್ತದೆ. ಪೆಟ್ರೋಲ್ ಪೂರೈಕೆ ಪರೀಕ್ಷಿಸಿದ್ದೇನೆ, ಸರಿಯಿದೆ.

ಉತ್ತರ: ಪ್ಲಗ್ಗನ್ನು ಹೊರಗಿಟ್ಟು ನೋಡಿದ ಕಿಡಿ ಪುರಾವೆಯಾಗುವುದಿಲ್ಲ. ಸಿಲಿಂಡರಿನೊಳಗಿನ ಒತ್ತಡದಲ್ಲಿ ಕಿಡಿ ಹಾರಲು ಬಹಳ ಹೆಚ್ಚು ವೋಲ್ಟೇಜ್ ಬೇಕು. ಅಂತರ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ತಂದು ಸುಮಾರು 11 ಮಿ.ಮೀ. ಅಂತರ ಇಡಿ. ಸಿಡಿಐ (ಕೆಪಾಸಿಟರಿನ ನೆರವಿನಿಂದ ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್) ಇಗ್ನಿಷನ್ನಿನ ಬಹುತೇಕ ಮೋಟರ್‌ಗಳಲ್ಲಿ ಆ ಅಂತರವನ್ನು ದಾಟಿ ನೀಲಿ ಕಿಡಿ ಚಟ್ ಎಂದು ಹಾರಬೇಕು. ತೆಳ್ಳಗೆ, ಕೆಂಪಗೆ, ಬಿಟ್ಟು ಬಿಟ್ಟು ಬಂದರೆ ಆ ಸಿಲಿಂಡರ್ ಅನುಮಾನದ್ದು.

ಆಮೇಲೆ ದೋಣಿಯನ್ನು ಭದ್ರವಾಗಿ ಕಟ್ಟಿ, ಮೋಟರ್ ನೀರಿನಲ್ಲಿರುವಂತೆಯೇ ಓಡಿಸುತ್ತ, ಇನ್ಸುಲೇಟೆಡ್ ಇಕ್ಕಳದಿಂದ ಒಂದೊಂದೇ ಪ್ಲಗ್ ವೈರ್ ತೆಗೆದು ಅರ್ಥ್ ಮಾಡಿ. ಯಾವುದನ್ನು ತೆಗೆದಾಗ ಆರ್‌ಪಿಎಂ ಇಳಿಯುವುದಿಲ್ಲವೋ ಆ ಸಿಲಿಂಡರ್ ದುಡಿಯುತ್ತಿಲ್ಲ. ಆ ಸಿಲಿಂಡರಿನ ಕಾಯಿಲ್ಲನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ. ದೋಷವೂ ಜೊತೆಗೆ ಹೋದರೆ ಕಾಯಿಲ್ ಕೆಟ್ಟಿದೆ, ಹೋಗದಿದ್ದರೆ ಪವರ್ ಪ್ಯಾಕ್ (ಕಾಯಿಲ್‌ಗೆ ವಿದ್ಯುತ್ ಕಳಿಸುವ ಪೆಟ್ಟಿಗೆ) ಅಥವಾ ಟ್ರಿಗರ್ (ಕಿಡಿಯ ಹೊತ್ತು ತಿಳಿಸುವ ಭಾಗ) ನೋಡಿ. ಒಂದು ರೂಪಾಯಿ ಖರ್ಚಿಲ್ಲದೆ ಇಷ್ಟು ತಿಳಿಯುತ್ತದೆ.

ಮೂರೂ ಸಿಲಿಂಡರ್ ಮೇಲಿನ ವೇಗದಲ್ಲಿ ಒಟ್ಟಿಗೇ ಕುಸಿದರೆ ಸ್ಟೇಟರ್ (ಫ್ಲೈವೀಲ್ ಅಡಿಯಲ್ಲಿ ವಿದ್ಯುತ್ ಉತ್ಪಾದಿಸುವ ಸುರುಳಿಗಳು) ಮೇಲೆ ಕಣ್ಣಿಡಿ. ಫ್ಲೈವೀಲ್ ಅಡಿಯಲ್ಲಿ ಟಾರಿನಂಥ ಅಂಟು ಕರಗಿ ಸುರಿದ ಗುರುತು ಇದ್ದರೆ ಸ್ಟೇಟರಿನ ಆಯುಸ್ಸು ಮುಗಿದಂತೆ. ಖಚಿತಪಡಿಸಿಕೊಳ್ಳಲು ಪೀಕ್ ವೋಲ್ಟೇಜ್ ಅಳೆಯುವ ಅಡಾಪ್ಟರ್ ಬೇಕು. ಬರೀ ಮಲ್ಟಿಮೀಟರಿನ ವೋಲ್ಟ್ ಅಂಕಿ ಇಲ್ಲಿ ದಾರಿ ತಪ್ಪಿಸುತ್ತದೆ. ಫ್ಲೈವೀಲ್ ಕೀ ಅರ್ಧ ಕತ್ತರಿಸಿಕೊಂಡಿದ್ದರೂ ಟೈಮಿಂಗ್ ತಪ್ಪಿ ಶಕ್ತಿ ಹೋಗುತ್ತದೆ, ಆದರೆ ಆಗ ಸಾಮಾನ್ಯವಾಗಿ ಸ್ಟಾರ್ಟಿಂಗ್ ಕೂಡ ಕೆಡುತ್ತದೆ.

ಇವೆಲ್ಲಕ್ಕೂ ಮುಂಚೆ ಎರಡು ಸಂಗತಿ ನೋಡಿಬಿಡಿ. ಎಂಜಿನ್ ನಿಂತಿರುವಾಗ ಲಿವರ್ ಪೂರ್ತಿ ಮುಂದೆ ತಳ್ಳಿ, ಕಾರ್ಬುರೇಟರಿನ ಬಾಯಿಯೊಳಗಿನ ತಟ್ಟೆ ಪೂರ್ತಿ ತೆರೆದುಕೊಳ್ಳುತ್ತದೆಯೇ ನೋಡಿ. ಕೇಬಲ್ ಸಡಿಲವಾಗಿ ತಟ್ಟೆ ಮುಕ್ಕಾಲಿಗೇ ನಿಲ್ಲುವ ಮೋಟರ್‌ಗಳು ಬೇಕಾದಷ್ಟಿವೆ. ಎರಡನೆಯದು ತಂಪು ವ್ಯವಸ್ಥೆ. ಕೆಲವು ಮಾದರಿಗಳು ಬಿಸಿ ಮಿತಿಮೀರಿದರೆ ತಾವಾಗಿಯೇ ಆರ್‌ಪಿಎಂ ತಗ್ಗಿಸುತ್ತವೆ. ತೋರುನೀರಿನ ಧಾರೆ (ತಂಪು ನೀರು ಹರಿಯುತ್ತಿದೆ ಎಂದು ತೋರಿಸಲು ಮೋಟರಿನಿಂದ ಹೊರಚಿಮ್ಮುವ ನೀರು) ಸೊರಗಿದ್ದರೆ ವಾಟರ್ ಪಂಪಿನ ಇಂಪೆಲ್ಲರ್, ಥರ್ಮೋಸ್ಟಾಟ್ ಎರಡನ್ನೂ ಬಿಚ್ಚಿ ನೋಡಬೇಕು.

ಪ್ರಶ್ನೆ: ಎಂಜಿನ್ ಜೋರಾಗಿ ಕೂಗುತ್ತದೆ, ಟ್ಯಾಕೋಮೀಟರ್ ಮೇಲೇರುತ್ತದೆ, ದೋಣಿ ಮಾತ್ರ ಓಡುವುದಿಲ್ಲ. ಇದೂ ಶಕ್ತಿ ಕುಂದಿದ್ದೇ?

ಉತ್ತರ: ಅಲ್ಲ, ಎಂಜಿನ್ ಚೆನ್ನಾಗಿಯೇ ಇದೆ. ಪ್ರೊಪೆಲ್ಲರಿನ ನಡುವಿನ ರಬ್ಬರ್ ಬುಷ್ ಜಾರುತ್ತಿರುವ ಸಾಧ್ಯತೆ ಹೆಚ್ಚು. ಹಬ್ಬಿನ ಒಳ ಲೋಹದಿಂದ ಹೊರ ಭಾಗದವರೆಗೆ ನೇರವಾಗಿ ಒಂದು ಪೇಂಟ್ ಗೆರೆ ಎಳೆದು, ಜೋರಾಗಿ ಓಡಿಸಿ ಬಂದು ನೋಡಿ. ಗೆರೆ ತುಂಡಾಗಿ ಆಚೀಚೆ ಸರಿದಿದ್ದರೆ ಬುಷ್ ಹೋಗಿದೆ. ಗೆರೆ ಹಾಗೇ ಇದ್ದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಳ್ಳುತ್ತಿದೆಯೇ, ಅಂದರೆ ಮೋಟರ್ ಕೂತ ಎತ್ತರ ಅಥವಾ ಟ್ರಿಮ್ (ಮೋಟರನ್ನು ಓರೆಯಾಗಿಸಿರುವ ಪ್ರಮಾಣ) ಅತಿಯಾಗಿದೆಯೇ ಪರೀಕ್ಷಿಸಿ.

ಪ್ರಶ್ನೆ: ಹಳೆಯ ಮೋಟರ್ ಎಂದು ಆಯಿಲ್ ಸ್ವಲ್ಪ ಹೆಚ್ಚೇ ಹಾಕುತ್ತೇನೆ. ಎಳೆತ ಕಡಿಮೆಯಾಗಲು ಇದೂ ಕಾರಣವೇ?

ಉತ್ತರ: ಹೌದು, ಆಗಬಹುದು. ಹೆಚ್ಚು ಆಯಿಲ್ ಪ್ಲಗ್ಗನ್ನು ಒದ್ದೆ ಮಾಡುತ್ತದೆ, ರಿಂಗ್ ಮತ್ತು ಎಕ್ಸಾಸ್ಟ್ ಪೋರ್ಟ್‌ನಲ್ಲಿ ಕಾರ್ಬನ್ ಕಟ್ಟಿಸುತ್ತದೆ. ಅದೇ ಜೆಟ್ಟಿನ ಮೂಲಕ ಹೋಗುವ ದ್ರವದಲ್ಲಿ ಪೆಟ್ರೋಲಿನ ಪಾಲು ಕೂಡ ಅಷ್ಟರ ಮಟ್ಟಿಗೆ ಇಳಿಯುತ್ತದೆ. ನಿಮ್ಮ ಮಾದರಿಯ ಕೈಪಿಡಿ 50:1 ಎಂದರೆ ಲೀಟರಿಗೆ 20 ಮಿ.ಲೀ., 25:1 ಎಂದರೆ 40 ಮಿ.ಲೀ. ಅಷ್ಟೇ ಹಾಕಿ. ಅಳತೆ ಪಾತ್ರೆ ಬಳಸಿ, ಅಂದಾಜು ಬೇಡ. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂಬ ಗುರುತಿರುವ, ನೀರಿನಿಂದ ತಂಪಾಗುವ ಮೋಟರ್‌ಗೆಂದೇ ಮಾಡಿದ ಆಯಿಲ್ ಬೇಕು. ಬೈಕಿನ ಟೂ-ಸ್ಟ್ರೋಕ್ ಆಯಿಲ್ ಬೇಡ. ಟ್ಯಾಂಕಿಗೆ ಮೊದಲು ಕಾಲು ಭಾಗ ಪೆಟ್ರೋಲ್ ಸುರಿದು, ಪೂರ್ತಿ ಆಯಿಲ್ ಹಾಕಿ ಕುಲುಕಿ, ಆಮೇಲೆ ಉಳಿದ ಪೆಟ್ರೋಲ್ ತುಂಬಿಸಿ.