ಕಾಂಡೋರ್ ಬೇಟೆಗಾರ ಅಲ್ಲ, ಆದರೂ ಹದ್ದಿನ ನೆಂಟ

ಆತ್ಮೀಯರೇ,

ಕಳೆದ ಸಂಚಿಕೆಯಲ್ಲಿ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಕಾಂಡೋರ್ ಚಿತ್ರದ ಕೆಳಗೆ ‘ಬೇಟೆಗಾರ ಹಕ್ಕಿಗಳಲ್ಲೇ ಅತಿ ದೊಡ್ಡದು’ ಎಂದು ಬರೆದಿದ್ದೆವು. ‘ಸತ್ತದ್ದನ್ನು ತಿನ್ನುವ ರಣಹದ್ದು ಬೇಟೆಗಾರ ಹೇಗಾಯಿತು? ಹದ್ದಿನ ಸಾಲಿನಲ್ಲಿ ಅದಕ್ಕೇನು ಕೆಲಸ?’ ಎಂದು ಕೇಳಿದ್ದೀರಿ. ನಿಮ್ಮ ಮೊದಲ ಮಾತು ಪೂರ್ತಿ ಸರಿ. ಎರಡನೆಯದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮೊದಲು ಅದರ ಪಾದ ನೋಡೋಣ. ಹದ್ದಿನ ಹಿಂಬೆರಳಿನ ಉಗುರು ಕೊಕ್ಕೆಯ ಹಾಗೆ ಬಾಗಿರುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ಕಾಂಡೋರ್‌ಗೆ ಆ ಹಿಂಬೆರಳು ಸರಿಯಾಗಿ ಬೆಳೆದೇ ಇಲ್ಲ. ನಡುಬೆರಳು ಉದ್ದ, ಉಗುರು ಮೊಂಡು. ಅದು ನಡೆಯುವ ಪಾದ, ಹಿಡಿಯುವ ಪಾದ ಅಲ್ಲ. ಮರಿಗೆ ಒಂದು ತುಂಡು ಮಾಂಸವನ್ನೂ ಕಾಲಲ್ಲಿ ಹಿಡಿದು ತರಲಾಗದೆ, ನುಂಗಿ ತಂದು ಕಕ್ಕಿ ತಿನ್ನಿಸುತ್ತದೆ.

ಆದರೆ ನೆಂಟಸ್ತಿಕೆ ಕಾಲು ನೋಡಿ ಹೇಳುವಂಥದ್ದಲ್ಲ. ಒಂದು ಕಾಲಕ್ಕೆ ಕೆಲವು ವಿಜ್ಞಾನಿಗಳು ಅಮೆರಿಕ ಖಂಡಗಳ ರಣಹದ್ದುಗಳನ್ನು ಕೊಕ್ಕರೆಗಳ ಹತ್ತಿರದವು ಎಂದೇ ನಂಬಿದ್ದರು. ಡಿಎನ್ಎ ಓದಿದ ಮೇಲೆ ಅವು ಹದ್ದು, ಗಿಡುಗಗಳ ಪಕ್ಕಕ್ಕೆ ಬಂದು ಕೂತವು. ಇನ್ನೂ ಸೋಜಿಗದ ವಿಷಯ ಕೇಳಿ. ಗಾಳಿಯಲ್ಲೇ ಹಕ್ಕಿ ಹೊಡೆಯುವ ಫಾಲ್ಕನ್ ಇದೆಯಲ್ವಾ, ಅದಕ್ಕೆ ಹತ್ತಿರದ ನೆಂಟ ಹದ್ದಲ್ಲ, ಗಿಳಿ! ಅಂದರೆ ಬೇಟೆಯಾಡುವುದೇ ಅಪರೂಪವಾದ ಕಾಂಡೋರ್, ಬೇಟೆಯಲ್ಲಿ ಪಳಗಿದ ಫಾಲ್ಕನ್‌ಗಿಂತ ಹದ್ದಿಗೆ ಹತ್ತಿರ. ನನಗಂತೂ ಇದು ತುಂಬಾ ಇಷ್ಟವಾದ ಸಂಗತಿ.

ಗಾತ್ರದ ಬಗ್ಗೆ ಬರೆದದ್ದು ಸರಿಯಾಗಿಯೇ ಇದೆ. ತೂಕ 15 ಕಿಲೋವರೆಗೆ, ರೆಕ್ಕೆಯ ಹರವು 3 ಮೀಟರಿಗೂ ಜಾಸ್ತಿ. ಇಷ್ಟು ಭಾರದ ಮೈ ಹೊತ್ತು ರೆಕ್ಕೆ ಬಡಿಯುವುದು ಸುಮ್ನೆ ಅಲ್ಲ. ಅದಕ್ಕೇ ಅದು ಬಡಿಯುವುದೇ ಕಡಿಮೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದು ಕಾಂಡೋರ್ ಒಮ್ಮೆಯೂ ರೆಕ್ಕೆ ಬಡಿಯದೆ ಐದು ಗಂಟೆಗೂ ಹೆಚ್ಚು ಹೊತ್ತು ತೇಲಿ ಸುಮಾರು 172 ಕಿಲೋಮೀಟರ್ ಸಾಗಿತ್ತು.

‘ಬೇಟೆಗಾರ’ ಎಂಬ ಪದ ನನ್ನನ್ನು ಕಾಡಲು ಇನ್ನೊಂದು ಕಾರಣವಿದೆ. ಜಾನುವಾರು ಸಾಕುವವರು ಬೇಟೆಯಾಡುವ ಪೂಮಾ (ದೊಡ್ಡ ಕಾಡುಬೆಕ್ಕು), ನರಿಗಳಿಗೆಂದು ಹೆಣಕ್ಕೆ ವಿಷ ಹಾಕುತ್ತಾರೆ. ತಿಂದು ಸಾಯುವುದು ಕಾಂಡೋರ್. 2018ರಲ್ಲಿ ಅರ್ಜೆಂಟೀನಾದ ಮೆಂಡೋಸಾದಲ್ಲಿ ಹೀಗೆ ವಿಷ ಸೇರಿ 34 ಕಾಂಡೋರ್‌ಗಳು ಒಟ್ಟಿಗೇ ಸತ್ತಿದ್ದವು. ಎರಡು ವರ್ಷಕ್ಕೊಮ್ಮೆ ಒಂದೇ ಮೊಟ್ಟೆ ಇಡುವ ಹಕ್ಕಿ ಅದು.

ಮುಂದಿನ ಸಂಚಿಕೆಯಲ್ಲಿ ಆ ಸಾಲನ್ನು ತಿದ್ದಿ ಹಾಕುತ್ತೇವೆ: ‘ಹದ್ದಿನ ಬಳಗದಲ್ಲೇ ಅತಿ ದೊಡ್ಡದು.’

– ಸಂಪಾದಕ