ಮೈ ಮುಟ್ಟದಿದ್ದರೂ ಹೊಣೆ ಬರಬಹುದು

ನಿಮ್ಮ ಪ್ರಶ್ನೆ ಓದಿ ತುಂಬಾ ಸಂಕಟವಾಯಿತು. ಸಿದ್ದಾಪುರದ ಹತ್ತಿರ ತೋಟದಲ್ಲಿ ಕತ್ತಿ ಹಿಡಿದು ಅಟ್ಟಿಸಿಕೊಂಡು ಬಂದವನಿಂದ ತಪ್ಪಿಸಿಕೊಳ್ಳಲು ಓಡಿದ ನಿಮ್ಮ ಚಿಕ್ಕಪ್ಪ ಕತ್ತಲಲ್ಲಿ ಕೆರೆಗೆ ಬಿದ್ದು ತೀರಿಕೊಂಡರು. ಅವನು ಮೈ ಮುಟ್ಟಿಲ್ಲವಾದ್ದರಿಂದ ಇದು ಬರೀ ಆಕಸ್ಮಿಕವೇ ಎಂದು ಕೇಳಿದ್ದೀರಿ.

ಹಾಗೆಂದು ಈಗಲೇ ಷರಾ ಬರೆಯುವಂತಿಲ್ಲ. ದಂಡನೀಯ ನರಹತ್ಯೆ ಎಂದರೇನು ಎಂದು ಹೇಳುವ ಭಾರತೀಯ ನ್ಯಾಯ ಸಂಹಿತೆಯ 100ನೇ ಕಲಂಗೆ ಪೆಟ್ಟು ಬಿದ್ದಿರಲೇಬೇಕೆಂದಿಲ್ಲ. ಸಾವಿಗೆ ಕಾರಣವಾದ ಕೃತ್ಯ ಯಾವುದು, ಅದರ ಹಿಂದಿನ ಉದ್ದೇಶ ಅಥವಾ ಅರಿವು ಏನು ಎಂಬುದೇ ಮುಖ್ಯ.

ಕಷ್ಟದ ಭಾಗವನ್ನೂ ಹೇಳಬೇಕು. ಪಂಜಾಬಿನಲ್ಲಿ ಬೆನ್ನಟ್ಟಿಸಿಕೊಂಡು ಓಡಿದವನೊಬ್ಬ ಬಾವಿಗೆ ಹಾರಿ ಸತ್ತಿದ್ದ. 1979ರಲ್ಲಿ ಸುಪ್ರೀಂ ಕೋರ್ಟ್ ಆ ಸಾವನ್ನು ಕೊಲೆಯೆಂದು ಒಪ್ಪಲಿಲ್ಲ. ಹಾರದೆ ಬೇರೆ ದಾರಿಯೇ ಇಲ್ಲದಂತೆ ಆರೋಪಿಗಳು ಮಾಡಿದ್ದರು ಎಂಬುದು ಸಾಬೀತಾಗಿರಲಿಲ್ಲ.

ನಿಮ್ಮ ಕೇಸಿನ ಜೀವವೂ ಇಲ್ಲೇ ಇದೆ. ಅವನು ಎಷ್ಟು ಹತ್ತಿರವಿದ್ದ? ಗೇಟಿನ ದಾರಿಗೆ ಅಡ್ಡ ನಿಂತಿದ್ದನೇ? ಅಲ್ಲಿ ಕೆರೆ ಇರುವುದು ಗೊತ್ತಿತ್ತೇ? ಬಿದ್ದವರನ್ನು ಮೇಲೆ ಬರಲು ಬಿಟ್ಟನೇ? ಲೈನ್ ಮನೆಯವರು (ತೋಟದ ಕಾರ್ಮಿಕರ ಸಾಲುಮನೆಯಲ್ಲಿರುವವರು) ಕೂಗು ಕೇಳಿದ್ದರೆ, ಕಾಫಿ ಕುಯ್ಲು ಮುಗಿದು ಊರಿಗೆ ಹೊರಡುವ ಮೊದಲೇ ಅವರ ಹೇಳಿಕೆ ದಾಖಲಾಗಲಿ. ಇದನ್ನು ದಯವಿಟ್ಟು ತಡ ಮಾಡಬೇಡಿ.

ಠಾಣೆಯಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ಮಾತ್ರ ಹಾಕಿದ್ದರೆ, ಕೊಲೆಯಲ್ಲದ ನರಹತ್ಯೆಯ 105ನೇ ಕಲಂ ಉಲ್ಲೇಖಿಸಿ ಮಡಿಕೇರಿಯ ಎಸ್‌ಪಿಯವರಿಗೆ ಅಂಚೆಯಲ್ಲಿ ಲಿಖಿತ ದೂರು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ.