ಮೂರು ಆ್ಯಪ್‌ಗಳನ್ನು ಒಟ್ಟಿಗೆ ನಡೆಸೋ ಆ್ಯಪ್ ಯಾವುದು ಚೆನ್ನಾಗಿದೆ?

ಕಲಬುರಗಿಯಲ್ಲಿ ಆಟೋ ಓಡಿಸುತ್ತೀರಿ, ಫೋನಿನಲ್ಲಿ ಮೂರು ಕಂಪನಿಯ ಆ್ಯಪ್ ಇವೆ, ಮೂರರ ಬುಕಿಂಗನ್ನೂ ತಾನೇ ಹಿಡಿದುಕೊಡೋ ಆ್ಯಪ್ ಯಾವುದು ಅಂತ ಕೇಳಿದ್ದೀರಿ. ಹೋದ ಬೇಸಿಗೆಯಲ್ಲಿ ನಾನೂ ಇದನ್ನೇ ಹುಡುಕುತ್ತಿದ್ದೆ. ಸಿಕ್ಕಿತು ಕೂಡ. ಅದೇ ಆಗಿದ್ದು ತೊಂದರೆ.

ಅಮೆರಿಕದಲ್ಲಿ ಊಬರ್, ಲಿಫ್ಟ್ ಅನ್ನೋ ಎರಡೂ ಕಂಪನಿಗೆ ಗಾಡಿ ಓಡಿಸುವವರಿಗೆ ಮಿಸ್ಟ್ರೋ ಅಂತ ಒಂದು ಆ್ಯಪ್ ಇದೆ. ಎಂಥ ಬಾಡಿಗೆ ಬೇಕು, ಎಂಥದ್ದು ಬೇಡ ಅಂತ ಮೊದಲೇ ಹೇಳಿಟ್ಟರೆ ಬಂದ ಬುಕಿಂಗನ್ನು ಅದೇ ಒತ್ತುತ್ತದೆ. ಒಂದರಲ್ಲಿ ಬಾಡಿಗೆ ಸಿಕ್ಕರೆ ಇನ್ನೊಂದನ್ನು ಆಫ್‌ಲೈನ್ ಮಾಡುತ್ತದೆ. ನನಗೆ ಸಿಕ್ಕಿದ್ದು ಅದಲ್ಲ, ಸ್ಟ್ಯಾಂಡಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹಾಕಿದ್ದ ಎಪಿಕೆ ಫೈಲು, ಅಂದರೆ ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಫೋನಿಗೆ ಹಾಕಿಕೊಳ್ಳೋ ಆ್ಯಪ್. "ಸೇಮ್ ಕೆಲಸ ಮಾಡ್ತದ ಅಣ್ಣಾ, ಹಾಕ್ಕೋರಿ" ಅಂದರು, ಹಾಕಿಕೊಂಡೆ.

ಅದು ಆಕ್ಸೆಸಿಬಿಲಿಟಿ ಅನುಮತಿ ಕೇಳಿತು. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವಂಥ ಆ್ಯಪ್‌ಗಳಿಗೆ ಇಟ್ಟ ಸೌಲಭ್ಯ ಅದು. ಅನುಮತಿ ಕೊಟ್ಟರೆ ಆ ಆ್ಯಪ್ ನಿಮ್ಮ ಪರದೆ ಓದುತ್ತದೆ, ನಿಮ್ಮ ಬೆರಳಿನ ಬದಲು ತಾನೇ ಬಟನ್ ಒತ್ತುತ್ತದೆ. ಹೀಗೆ ಹೊರಗಿನಿಂದ ಹಾಕಿಕೊಂಡ ಆ್ಯಪ್‌ಗೆ ಅದನ್ನು ಕೊಡದಂತೆ ಆಂಡ್ರಾಯ್ಡ್ 13ರಿಂದ ಫೋನೇ ತಡೆಯುತ್ತದೆ. ನಾನು ಯೂಟ್ಯೂಬ್ ನೋಡಿ ಆ ತಡೆಯನ್ನೂ ತೆಗೆದೆ. ಇದೂ ತಪ್ಪೇ, ಆದರೆ ನನಗೆ ಪೆಟ್ಟು ಬಿದ್ದಿದ್ದು ಬೇರೆ ಕಡೆ.

ಹತ್ತು ದಿನ ಚೆನ್ನಾಗೇ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಸ್ಟೇಷನ್ನಿನಿಂದ ಇಬ್ಬರು ಹುಡುಗಿಯರನ್ನು ಸೇಡಂ ರಸ್ತೆಯ ವಿಶ್ವವಿದ್ಯಾಲಯಕ್ಕೆ ಬಿಡುತ್ತಿದ್ದೆ. ನಮ್ಮೂರಿನ ಮೇ ಬಿಸಿಲು ನಿಮಗೆ ಹೇಳಬೇಕಿಲ್ಲ. ಫೋನು ಕಾದು ಬಂದ್ ಆಗುತ್ತದೆ ಅಂತ ಒದ್ದೆ ಟವೆಲ್ಲಿನಲ್ಲಿ ಸುತ್ತಿ ಸೀಟಿನ ಪಕ್ಕ ಇಟ್ಟಿದ್ದೆ. ಫೋನ್ ಬಂತು.

"ತಮ್ಮಾ, ಎಲ್ಲಿದ್ದಿ? ಬಸ್ ಸ್ಟ್ಯಾಂಡ್ ಮುಂದ ಬಿಸಲಾಗ ನಿಂತೀನಿ. ಜ್ವಾಳದ ಚೀಲ ಅದ."

ಯಾವ ಚೀಲ, ಯಾರ ಬುಕಿಂಗು? ನಾನಂತೂ ಒತ್ತಿರಲಿಲ್ಲ. "ಬರ್ಲಾಕತ್ತೀನಿ ಮುತ್ಯಾ" ಅಂತ ಸುಳ್ಳು ಹೇಳಿದೆ. ಅರ್ಧ ತಾಸು ಕಾದು ಅವರೇ ಕ್ಯಾನ್ಸಲ್ ಮಾಡಿ ಕಂಪ್ಲೇಂಟ್ ಹಾಕಿದರು.

ಆಗಿದ್ದು ಇಷ್ಟು. ಹಿಂದಿನ ರಾತ್ರಿ ಎರಡನೇ ಕಂಪನಿಯ ಆ್ಯಪ್ ಅಪ್‌ಡೇಟ್ ಆಗಿತ್ತು. ಮೇಲೆ ಇದ್ದ ಆಫ್‌ಲೈನ್ ಬಟನ್ ಮೆನು ಒಳಗೆ ಹೋಗಿತ್ತು. ನನ್ನ ಎಪಿಕೆ ಹಳೇ ಜಾಗದಲ್ಲಿ ಹುಡುಕಿ, ಸಿಗದೆ, ಸುಮ್ಮನಾಯಿತು. ಬುಕಿಂಗ್ ಒಪ್ಪಿಕೊಳ್ಳುವ ಬಟನ್ ಮಾತ್ರ ಇದ್ದಲ್ಲೇ ಇತ್ತು. ಹೀಗಾಗಿ ಹಿಡಿಯೋದು ಬರುತ್ತದೆ, ಬಂದ್ ಮಾಡೋದು ಬರಲ್ಲ. ಆಟೋದಲ್ಲಿ ಜನ ಕೂತಿರುವಾಗಲೇ ಇನ್ನೊಬ್ಬರನ್ನು ಒಪ್ಪಿಕೊಳ್ಳುತ್ತದೆ. ಅಪ್‌ಡೇಟ್ ಆಗಿದ್ದು ನನಗೆ ಗೊತ್ತಿತ್ತು. ಬೆಳಿಗ್ಗೆ ಚಹಾ ಕುಡಿಯುತ್ತಾ ಹೊಸ ಬಣ್ಣ ನೋಡಿ "ಚಂದ ಮಾಡ್ಯಾರ" ಅಂತಾನೂ ಅಂದಿದ್ದೆ. ಮೊದಲ ಬಾಡಿಗೆ ಹತ್ತಿದಾಗ ಆ ಆ್ಯಪ್ ನಿಜವಾಗಿ ಆಫ್‌ಲೈನ್ ಆಗಿದೆಯಾ ಅಂತ ಕಣ್ಣಾರೆ ನೋಡಬೇಕಿತ್ತು. ಎರಡು ಸೆಕೆಂಡಿನ ಕೆಲಸ. ಹತ್ತು ದಿನ ಸರಿ ಇತ್ತಲ್ಲ, ಹನ್ನೊಂದನೇ ದಿನ ಯಾಕೆ ನೋಡಲಿ? ಮುತ್ಯಾನ ಫೋನ್ ಬಂದ ಮೇಲಾದರೂ ನೋಡಬೇಕಿತ್ತು. ನೆಟ್‌ವರ್ಕ್ ಗಡಿಬಿಡಿ ಅಂದುಕೊಂಡು ಮತ್ತೆ ಎರಡು ದಿನ ಅದನ್ನೇ ನಂಬಿದೆ. ಬುಕಿಂಗು ಬಿತ್ತು, ಕ್ಯಾನ್ಸಲ್ ಆಯಿತು, ಮತ್ತೆ ಬಿತ್ತು, ಮತ್ತೆ ಕ್ಯಾನ್ಸಲ್. ನಾಲ್ಕನೇ ದಿನ ಆ ಕಂಪನಿಯಲ್ಲಿ ನನ್ನ ಐಡಿ ಬಂದ್. ಕಂಪನಿಯನ್ನು ಬೈಯೋಕೆ ನನಗೆ ಬಾಯಿಲ್ಲ, ಬಿಸಿಲಲ್ಲಿ ನಿಂತವರು ನಾನಲ್ಲವಲ್ಲ.

ಇನ್ನು ನಿಮ್ಮ ಪ್ರಶ್ನೆ. ಇಂಥ ಆ್ಯಪ್ ನಿಮಗೆ ಬೇಡ. ನನ್ನ ಕೇಳಿದರೆ ಮೂರು ಕಂಪನಿಯೂ ಬೇಡ. ಬೆಂಗಳೂರು, ಹೈದರಾಬಾದಿನಲ್ಲಿ ಒಂದರ ಮೇಲೊಂದು ಬುಕಿಂಗ್ ಬೀಳುತ್ತವೆ, ಅಲ್ಲಿ ಆರಿಸೋಕೆ ಅರ್ಥ ಇದೆ. ನಮ್ಮಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮೂರೂ ಆ್ಯಪ್ ಸೇರಿ ಮಲಗಿರುತ್ತವೆ. ಬರದೇ ಇರೋ ಬುಕಿಂಗನ್ನು ಯಾವ ಆ್ಯಪ್ ಹಿಡಿಯುತ್ತದೆ? ಇನ್ನೊಂದು ಲೆಕ್ಕ ನೋಡಿ. 'ನಮ್ಮ ಯಾತ್ರಿ' ಅನ್ನೋ ಆ್ಯಪ್ ಬೆಂಗಳೂರಿನಲ್ಲಿ ಕಮಿಷನ್ ಇಲ್ಲದೆ ದಿನಕ್ಕೆ 25 ರೂಪಾಯಿ ಫೀ ಅಂತ ಮಾಡಿತು. 2025ರಲ್ಲಿ ಊಬರ್ ಕೂಡ ಆಟೋಗಳಿಗೆ ಕಮಿಷನ್ ಬಿಟ್ಟು ಫೀ ದಾರಿಗೆ ಬಂತು. ದಿನದ ಫೀ ಇರೋ ಕಡೆ ಮೂರು ಆ್ಯಪ್ ಇಟ್ಟರೆ ಮೂರು ಫೀ ಕಟ್ಟಬೇಕು, ಅಲ್ವಾ?

ನನಗೆ ಈಗ ದುಡ್ಡು ಬರೋದು ಒಂದು ಆ್ಯಪ್ಪಿನಿಂದ, ಜಾಸ್ತಿ ರೈಲಿನಿಂದ. 2024ರ ಮಾರ್ಚ್‌ನಲ್ಲಿ ಶುರುವಾದ ಬೆಂಗಳೂರು ವಂದೇ ಭಾರತ್ ಬೆಳಿಗ್ಗೆ ಬೇಗ ಬಿಡುತ್ತದೆ, ರಾತ್ರಿ ತಡವಾಗಿ ವಾಪಸ್ ಬರುತ್ತದೆ. ಆ ಹೊತ್ತಿಗೆ ಜನಕ್ಕೆ ಗುರುತಿನ ಆಟೋದವ ಬೇಕು. ಹಿಂದಿನ ರಾತ್ರಿಯೇ ಫೋನ್ ಮಾಡಿ ಹೇಳಿಡುವ ಏಳೆಂಟು ಮನೆ ಇವೆ.

ಎರಡು ಆ್ಯಪ್ ಇಟ್ಟೇ ಇಡ್ತೀನಿ ಅಂದರೆ ಇಡಿ. ಜನ ಹತ್ತಿದ ಕೂಡಲೇ ಇನ್ನೊಂದನ್ನು ನಿಮ್ಮ ಬೆರಳಿನಿಂದ ಬಂದ್ ಮಾಡಿ, ಆಮೇಲೆ ಗೇರ್ ಹಾಕಿ.

ಎಪಿಕೆ ಆಗಲೇ ಹಾಕಿಕೊಂಡಿದ್ದರೆ ಇವತ್ತೇ ಸೆಟ್ಟಿಂಗ್ಸ್‌ಗೆ ಹೋಗಿ ಆಕ್ಸೆಸಿಬಿಲಿಟಿಯಲ್ಲಿ ಅದರ ಅನುಮತಿ ತೆಗೆಯಿರಿ, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ. ಅದೇ ಫೋನಿಗೆ ನಿಮ್ಮ ಬ್ಯಾಂಕಿನ ಓಟಿಪಿ ಬರುತ್ತದೆ, ಅದೇ ಫೋನಿನಲ್ಲಿ ಫೋನ್‌ಪೇ ಇದೆ. ಯುಪಿಐ ಪಿನ್ ಕೂಡ ಬದಲಿಸಿ. ನಾನು ಬದಲಿಸಿದ್ದು ಮೂರು ತಿಂಗಳು ಬಿಟ್ಟು, ಅದೂ ಅಕ್ಕನ ಮಗ ಬೈದ ಮೇಲೆ.